ಜನಜಂಗುಳಿ ಇಲ್ಲದ ಕಡಲ ತುದಿಗೆ ಹೋಗುವವರಿಗೆ

ದೂರದ ಭೂಶಿರಕ್ಕೆ ಹೋಗುವ ಪ್ಲಾನ್ ಇದ್ದರೆ ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಮಳೆ ಬರುತ್ತಾ ಅಂತ ಎಲ್ಲರೂ ನೋಡುತ್ತಾರೆ, ಇದನ್ನು ಮಾತ್ರ ಮರೆತುಬಿಡುತ್ತಾರೆ. ಬಹಳಷ್ಟು ಕಡೆ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಇರುತ್ತದೆ. ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ವಾರ ಹೋಗಿಬಂದವರು ಹೇಳಿದ ಸಮಯ ಈ ವಾರಕ್ಕೆ ಆಗಿಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ನೀರು ಇನ್ನೂ ಜಾಸ್ತಿ ಏರುತ್ತದೆ. ದಾರಿ ಬಂಡೆಗಳ ಮೇಲೋ ಮರಳಿನ ಪಟ್ಟಿಯ ಮೇಲೋ ಇದ್ದರೆ ನೀರು ಇಳಿಯುತ್ತಿರುವಾಗಲೇ ಹೊರಡಿ, ಏರಲು ಶುರುವಾಗುವ ಮೊದಲೇ ವಾಪಸ್ ಬನ್ನಿ.

ತುದಿ ತಲುಪಿದ ಮೇಲೆ ಸುಮ್ನೆ ಸ್ವಲ್ಪ ಹೊತ್ತು ದೂರದಲ್ಲೇ ನಿಂತು ಅಲೆ ನೋಡಿ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಬರುತ್ತದೆ. ಬಂಡೆ ಒದ್ದೆಯಾಗಿ, ಕಪ್ಪಗೆ ಪಾಚಿ ಕಟ್ಟಿದ್ದರೆ ಅಲ್ಲಿಯವರೆಗೆ ನೀರು ಬರುತ್ತದೆ ಎಂದೇ ಅರ್ಥ. ಅಲ್ಲಿ ಕಾಲಿಡಲೇಬೇಡಿ, ತುಂಬಾ ಜಾರುತ್ತದೆ. ಮೇಲಿನ ಅಂಚಿನಲ್ಲೂ ಅಷ್ಟೇ. ಹುಲ್ಲು ಗಟ್ಟಿಯಾಗಿ ಕಂಡರೂ ಕೆಳಗಿನ ಮಣ್ಣನ್ನು ಅಲೆ ಕೊರೆದಿರಬಹುದು. ನಾಲ್ಕು ಹೆಜ್ಜೆ ಹಿಂದೆ ನಿಂತರೂ ಫೋಟೋ ಚೆನ್ನಾಗಿಯೇ ಬರುತ್ತೆ, ಅಲ್ವಾ?

ಜನ ಬೇಡ ಅನ್ನುವವರಿಗೆ ಬೆಳಗಿನ ಹೊತ್ತೇ ವಾಸಿ. ಸೂರ್ಯಾಸ್ತಕ್ಕೆ ಹೋದರೆ ಕತ್ತಲಲ್ಲಿ ವಾಪಸ್ ನಡೆಯಬೇಕು. ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ, ಎಷ್ಟು ಹೊತ್ತಿಗೆ ಬರ್ತೀವಿ ಅಂತ ಯಾರಿಗಾದರೂ ಹೇಳಿ ಹೊರಡಿ. ಗಾಳಿ ಬೀಸುವಾಗ ಬಿಸಿಲು ಗೊತ್ತಾಗುವುದಿಲ್ಲ, ನೀರು ಜಾಸ್ತಿಯೇ ಇರಲಿ. ಹಕ್ಕಿಗಳು ತಲೆ ಮೇಲೆ ಸುತ್ತುತ್ತಾ ಕಿರುಚಿದರೆ ಹತ್ತಿರದಲ್ಲೇ ಗೂಡಿರುತ್ತದೆ, ದಯವಿಟ್ಟು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.