ತಲೆಯ ಕಪ್ಪು ಬಣ್ಣವನ್ನು ಮನೆಯಲ್ಲೇ ಇಳಿಸಿದ್ದು

ತಲೆಗೆ ಬಣ್ಣ ಹಚ್ಚುವುದನ್ನು ಇನ್ನು ನಿಲ್ಲಿಸುತ್ತೇನೆ ಎಂದು ಹೊರಟವರಿಗೆ ಮೊದಲು ಎದುರಾಗುವುದು ಬೈತಲೆ. ಬುಡದಲ್ಲಿ ಅರ್ಧ ಇಂಚು ಅಚ್ಚ ಬಿಳಿ, ಅದರ ಕೆಳಗೆ ಗೆರೆ ಎಳೆದಂತೆ ಕಡುಗಪ್ಪು. ಮದುವೆಯೋ ಗೃಹಪ್ರವೇಶವೋ ಹತ್ತಿರ ಬಂದಾಗ ಆ ಗೆರೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ಮತ್ತೆ ಬಣ್ಣದ ಪೊಟ್ಟಣ ಬಿಡಿಸಿದವರು ನಮ್ಮ ಬಂಧುಬಳಗದಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಿವೃತ್ತಿಯಾದ ಮೇಲೆ ನರೆಯನ್ನು ನರೆಯಾಗಿಯೇ ಬಿಡುವುದೆಂದು ನಾನು ನಿರ್ಧರಿಸಿದೆ. ಆದರೆ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ನಡುಬೆನ್ನಿಗೆ ಇಳಿದ ಜಡೆ ಬುಡದಿಂದ ತುದಿಯವರೆಗೆ ತಾನಾಗಿ ಬಿಳಿಯಾಗಬೇಕಾದರೆ ಮೂರು-ನಾಲ್ಕು ವರ್ಷ ಬೇಕು. ಅಷ್ಟು ಕಾಲ ಎರಡು ಬಣ್ಣದ ತಲೆ ಹೊತ್ತು ತಿರುಗುವ ಬದಲು ಕಪ್ಪನ್ನೇ ತಿಳಿಗೊಳಿಸಿ, ಬಿಳಿಗೂ ಅದಕ್ಕೂ ನಡುವಿನ ಗೆರೆ ಕಣ್ಣಿಗೆ ಹೊಡೆಯದಂತೆ ಮಾಡಬೇಕು ಎಂದುಕೊಂಡೆ. ಬಣ್ಣವನ್ನು ಪೂರ್ತಿ ತೆಗೆಯುವ ಆಸೆ ಮೊದಲಿನಿಂದಲೂ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಅದು ಆಗುವುದೂ ಇಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ತಲೆಯ ಮೇಲಿರುವುದು ಯಾವ ಬಗೆಯ ಬಣ್ಣ ಎಂದು ತಿಳಿಯಬೇಕು. ಎರಡು ಕೊಳವೆಗಳಿಂದ ತೆಗೆದು ಕಲಸಿ ಹಚ್ಚುವ ಶಾಶ್ವತ ಬಣ್ಣದಲ್ಲಿ ಕಪ್ಪು ಎಂಬುದು ಕೊಳವೆಯೊಳಗೆ ಸಿದ್ಧವಾಗಿ ಇರುವುದಿಲ್ಲ. ಅದರಲ್ಲಿರುವ ಪ್ಯಾರಾ ಫಿನೈಲಿನ್ ಡೈಅಮೀನ್, ಅಂದರೆ ಪಿಪಿಡಿಯಂಥ ಸಣ್ಣ ಅಣುಗಳಿಗೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ. ಅಮೋನಿಯಾ ಕೂದಲಿನ ಹೊರಪದರವನ್ನು ಸಡಿಲಿಸುತ್ತದೆ, ಆ ಅಣುಗಳು ಒಳಗೆ ನುಗ್ಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಉತ್ಕರ್ಷಿಸಿ, ಅಂದರೆ ಆಮ್ಲಜನಕದೊಂದಿಗೆ ವರ್ತಿಸುವಂತೆ ಮಾಡಿ, ಒಂದಕ್ಕೊಂದು ಬೆಸೆಯುತ್ತದೆ. ಹಾಗೆ ದೊಡ್ಡದಾದ ಮೇಲೆ ಅವು ಬಂದ ದಾರಿಯಲ್ಲಿ ಹೊರಗೆ ಹೋಗಲಾರವು. ಇದೇ ಪೆರಾಕ್ಸೈಡ್ ನಮ್ಮ ಹುಟ್ಟು ಕಪ್ಪನ್ನೂ ಒಂದಿಷ್ಟು ಸುಟ್ಟಿರುತ್ತದೆ. ಆದ್ದರಿಂದ ಬಣ್ಣ ಇಳಿದಾಗ ಹಳೆಯ ಕಪ್ಪು ಮರಳಿ ಬರುವುದಿಲ್ಲ, ಕೆಂಚು ಛಾಯೆ ಕಾಣಿಸಿಕೊಳ್ಳುತ್ತದೆ. ಕೆಲವೇ ಸ್ನಾನಗಳಲ್ಲಿ ಹೋಗುವ ತಾತ್ಕಾಲಿಕ ಬಣ್ಣ ಹೊರಮೈಗೆ ಅಂಟಿಕೊಂಡಿರುತ್ತದೆ ಅಷ್ಟೆ. ಅದಕ್ಕೆ ಶಾಂಪೂ ಸಾಕು.

ಉತ್ಕರ್ಷಣದಿಂದ ಹುಟ್ಟಿದ ಬಣ್ಣವನ್ನು ಅದರ ವಿರುದ್ಧ ಕ್ರಿಯೆಯಿಂದ, ಅಪಕರ್ಷಣದಿಂದ, ಸ್ವಲ್ಪ ಮಟ್ಟಿಗೆ ಹಿಂದಕ್ಕೆ ತಿರುಗಿಸಬಹುದು. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಆ ಕೆಲಸ ಮಾಡುವ ಸೌಮ್ಯ ಪದಾರ್ಥ. ಕಾಲೇಜಿನ ಪ್ರಯೋಗಾಲಯದಲ್ಲಿ ಕಂದು ಬಣ್ಣದ ಅಯೋಡಿನ್ ದ್ರಾವಣಕ್ಕೆ ಇದನ್ನು ಹಾಕಿದಾಗ ನೀರು ತಿಳಿಯಾಗುವುದನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಕೂಡಲೇ ಹೊಳೆಯುತ್ತದೆ.

ಹಾಗೆಂದು ಅದನ್ನು ನೇರವಾಗಿ ತಲೆಗೆ ಸುರಿದುಕೊಳ್ಳಲಿಲ್ಲ. ಬಾಚಣಿಗೆಗೆ ಸಿಕ್ಕಿದ ಕೂದಲುಗಳನ್ನು ಒಟ್ಟು ಮಾಡಿ, ಬುಡವೆಲ್ಲ ಒಂದು ಕಡೆಗೆ ಬರುವಂತೆ ಜೋಡಿಸಿ, ನೂಲಿನಿಂದ ಕಟ್ಟಿ ಚಿಕ್ಕ ಕುಚ್ಚು ಮಾಡಿದೆ. ಗಾಜಿನ ಲೋಟದಲ್ಲಿ ಬೆಚ್ಚನೆಯ ನೀರು, ಪುಡಿ ಮಾಡಿದ ವಿಟಮಿನ್ ಸಿ ಮಾತ್ರೆ, ಒಂದು ಹನಿ ಶಾಂಪೂ ಹಾಕಿ ಕುಚ್ಚನ್ನು ಅದರಲ್ಲಿ ಇಳಿಬಿಟ್ಟೆ. ಒಂದು ಗಂಟೆಯ ಮೇಲೆ ತೆಗೆದು ಬಿಳಿ ಕಾಗದದ ಮೇಲೆ ಹರಡಿದಾಗ ನನ್ನ ತಲೆಯ ಚರಿತ್ರೆಯೇ ಅಲ್ಲಿತ್ತು. ಬುಡದ ಬಿಳಿ ಹಾಗೆಯೇ ಇದೆ. ಅದರ ಪಕ್ಕದ, ಕೊನೆಯ ಸಲ ಬಣ್ಣ ಹಚ್ಚಿದ ಭಾಗ ಕಂದಿಗೆ ತಿರುಗಿದೆ. ತುದಿಯ ಕಡೆ ಹೋದಂತೆ ಕಪ್ಪು ಮಿಸುಕಾಡಿಲ್ಲ. ಅಲ್ಲಿ ವರ್ಷಗಟ್ಟಲೆ ಬಣ್ಣದ ಮೇಲೆ ಬಣ್ಣ ಕೂತಿದೆ. ಈ ವಿಧಾನಕ್ಕೆ ಹೊಸ ಬಣ್ಣ ಬಗ್ಗುವಷ್ಟು ಹಳೆಯದು ಬಗ್ಗುವುದಿಲ್ಲ. ಹಚ್ಚಿದ ಎರಡು-ಮೂರು ದಿನಗಳೊಳಗೆ ಮಾಡಿದರೆ ಫಲ ಹೆಚ್ಚು. ಮೊನ್ನೆಯಷ್ಟೇ ಬಣ್ಣ ಹಚ್ಚಿಸಿಕೊಂಡು, ಬೇಕಾದುದಕ್ಕಿಂತ ಕಪ್ಪಾಯಿತು ಎಂದು ಪೇಚಾಡುವವರು ತಡಮಾಡಬಾರದು.

ನಾನು ಅನುಸರಿಸಿದ ಕ್ರಮ ಹೀಗಿದೆ. ಭುಜದವರೆಗಿನ ಕೂದಲಿಗೆ 500 ಮಿಲಿಗ್ರಾಂನ 20 ರಿಂದ 30 ಮಾತ್ರೆಗಳು ಬೇಕು. ಕೂದಲು ಉದ್ದವಿದ್ದರೆ ಇನ್ನಷ್ಟು. ಚೀಪುವ ಕಿತ್ತಳೆ ಬಣ್ಣದ ಮಾತ್ರೆಯಲ್ಲಿ ಸಕ್ಕರೆ ಇರುವುದರಿಂದ ಅಂಟಾಗುತ್ತದೆ. ಬಿಳಿಯದು ಅಥವಾ ಬರೀ ಪುಡಿ ಸಿಕ್ಕಿದರೆ ಒಳ್ಳೆಯದು. ಮಿಕ್ಸಿಯ ಚಟ್ನಿ ಜಾರನ್ನು ಚೆನ್ನಾಗಿ ಒಣಗಿಸಿ ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡುತ್ತೇನೆ. ತರಿ ಉಳಿದರೆ ನೆತ್ತಿಗೆ ಚುಚ್ಚುತ್ತದೆ. ಅದನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ತಲೆಹೊಟ್ಟಿನ ಶಾಂಪೂ ಮತ್ತು ಸ್ವಲ್ಪ ಬಿಸಿನೀರು ಬೆರೆಸಿ ದೋಸೆಹಿಟ್ಟಿನ ಹದಕ್ಕೆ ತರುತ್ತೇನೆ. ಇದು ಹುಳಿ ಪದಾರ್ಥವಾದ್ದರಿಂದ ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ. ಹಣೆಯ ಅಂಚಿಗೆ, ಕಿವಿಯ ಸುತ್ತ ಕೊಬ್ಬರಿ ಎಣ್ಣೆ ಸವರಿಕೊಂಡು, ತುಸು ತೇವದ ಕೂದಲಿಗೆ ಕಪ್ಪು ಹೆಚ್ಚಿರುವ ಕಡೆಯಿಂದ ಶುರುಮಾಡಿ ಹಚ್ಚುತ್ತೇನೆ. ಬುಡದ ಬಿಳಿಗೆ ತಾಗಿಸುವುದಿಲ್ಲ, ಅಲ್ಲಿ ಇಳಿಸಲು ಏನೂ ಇಲ್ಲವಲ್ಲ. ಆಮೇಲೆ ಪ್ಲಾಸ್ಟಿಕ್ ಟೋಪಿ, ಅದರ ಮೇಲೆ ಹಳೆಯ ಟವೆಲ್, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ. ನೆತ್ತಿಯಲ್ಲಿ ಗೀರು ಗಾಯವಿದ್ದಾಗ ಈ ಕೆಲಸಕ್ಕೆ ಹೋಗಲೇಬಾರದು.

ತೊಳೆಯುವಾಗ ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ಹರಿದ ನೊರೆ ಮೊದಲು ಕಂದು, ಆಮೇಲೆ ತಿಳಿಗಂದು. ನೀರು ಸ್ವಚ್ಛವಾಗಿ ಹರಿಯುವವರೆಗೆ ಬಿಡಬಾರದು. ಒಳಗೆ ಬಿಡಿಯಾದ ಅಣುಗಳು ಉಳಿದುಕೊಂಡರೆ ಗಾಳಿಯ ಆಮ್ಲಜನಕಕ್ಕೆ ಮತ್ತೆ ಕಪ್ಪಾಗುವ ಸಂಭವವಿದೆ. ನಮ್ಮ ತುಮಕೂರಿನಲ್ಲಿ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದ ಕೂದಲು ಒರಟಾಗಿ ನಿಲ್ಲುತ್ತದೆ. ಹಾಗಾಗಿ ಹೇಮಾವತಿ ನೀರು ನಲ್ಲಿಗೆ ಬರುವ ದಿನವನ್ನೇ ನೋಡಿಕೊಂಡು ಈ ಕೆಲಸ ಇಟ್ಟುಕೊಳ್ಳುತ್ತಿದ್ದೆ. ಕೊನೆಗೆ ಕಂಡೀಷನರ್, ಆ ವಾರವೆಲ್ಲ ಎಣ್ಣೆಯ ಆರೈಕೆ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ವಾರ ಬಿಡುತ್ತಿದ್ದೆ.

ಎಣ್ಣೆಯ ಬಗ್ಗೆ ನನಗೆ ತುಂಬ ಗೌರವವಿದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆ. ರಾತ್ರಿ ಬೆಚ್ಚಗೆ ಮಾಡಿದ ಎಣ್ಣೆ ಹಚ್ಚಿ ಬೆಳಿಗ್ಗೆ ಸೀಗೆಪುಡಿಯಲ್ಲಿ ತಿಕ್ಕಿ ತೊಳೆದರೆ ಕಪ್ಪೂ ಅಷ್ಟಿಷ್ಟು ಮಾಸುತ್ತದೆ. ನಿಧಾನ, ಆದರೆ ಕೂದಲಿಗೆ ಕೇಡಿಲ್ಲ. ಮಾತ್ರೆಯ ಲೇಪಕ್ಕೆ ಜಗ್ಗದ ತುದಿಗಳಿಗೆ ನಾನು ಕೊನೆಗೆ ನಂಬಿದ್ದು ಇದನ್ನೇ.

ಬೇಡ ಎಂದು ಬದಿಗಿಟ್ಟ ಸಲಹೆಗಳೂ ಇವೆ. ಅಡುಗೆ ಸೋಡ ಕ್ಷಾರೀಯ. ಹೊರಪದರವನ್ನು ಎಬ್ಬಿಸಿ ಕೂದಲನ್ನು ಒರಟು ಮಾಡುತ್ತದೆ; ಬಣ್ಣದ ಪೆಟ್ಟು ತಿಂದ ಕೂದಲಿಗೆ ಅದು ಇನ್ನೊಂದು ಪೆಟ್ಟು. ಪಾತ್ರೆ ತೊಳೆಯುವ ದ್ರವ, ಬಚ್ಚಲಿನ ಬ್ಲೀಚಿಂಗ್ ಪುಡಿ ಇವುಗಳ ಹೆಸರನ್ನೂ ಎತ್ತಬಾರದು. ಪಾರ್ಲರ್‌ನ ಹುಡುಗಿ, ‘ಮೇಡಂ, ಬ್ಲೀಚ್ ಮಾಡಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ’ ಎಂದಳು. ಅವಳ ಮಾತು ನಿಜವೇ. ಆದರೆ 6 ಅಥವಾ 9 ಶೇಕಡಾ ಪೆರಾಕ್ಸೈಡನ್ನು ಬ್ಲೀಚ್ ಪುಡಿಯೊಂದಿಗೆ ಕಲಸಿ ಹಚ್ಚುವುದು ನುರಿತ ಕೈಗಳ ಕೆಲಸ. ಮನೆಯ ಕನ್ನಡಿಯ ಮುಂದೆ ಒಬ್ಬರೇ ಕೂತು ಮಾಡುವುದಲ್ಲ. ಇನ್ನು ಕಪ್ಪಿನ ಮೇಲೆ ಕಂದು ಬಣ್ಣ ಹಚ್ಚಿದರೆ ತಿಳಿಯಾಗುತ್ತದೆ ಎಂಬ ನಂಬಿಕೆ ಬಹಳ ಮಂದಿಗೆ ಇದೆ. ಆಗುವುದಿಲ್ಲ. ಮೊದಲೇ ಬಣ್ಣ ಕುಡಿದ ಕೂದಲನ್ನು ಮೇಲಿನ ಬಣ್ಣ ತಿಳಿಗೊಳಿಸಲಾರದು. ಬುಡ ಮಾತ್ರ ಕಂದಾಗಿ ಉಳಿದದ್ದು ಕಪ್ಪಾಗಿಯೇ ಇರುತ್ತದೆ.

ಮೆಹಂದಿಯ ಲೆಕ್ಕವೇ ಬೇರೆ. ನಮ್ಮ ಅಕ್ಕ ಮೆಹಂದಿಯ ಮೇಲೆ ನೀಲಿಸೊಪ್ಪಿನ ಪುಡಿ ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾಳೆ. ನನ್ನ ಮಾತ್ರೆಗಳನ್ನು ನೋಡಿ ಅವಳೂ ಆಸೆಪಟ್ಟಳು; ನಾನೇ ತಡೆದೆ. ಮೆಹಂದಿಯಲ್ಲಿರುವ ಲಾಸೋನ್ ಎಂಬ ಬಣ್ಣದ ಪದಾರ್ಥ ಕೂದಲಿನ ಪ್ರೋಟೀನ್ ಆದ ಕೆರಾಟಿನ್‌ಗೇ ಹೊಸೆದುಕೊಳ್ಳುತ್ತದೆ. ಅದರ ಮುಂದೆ ವಿಟಮಿನ್ ಸಿ ಆಟ ನಡೆಯದು. ನೀಲಿಯ ಮೇಲೆ ಬ್ಲೀಚ್ ಬಿದ್ದರೆ ಹಸಿರು ಛಾಯೆ ಉಳಿಯುವುದುಂಟು. ಪೊಟ್ಟಣದಲ್ಲಿ ಲೋಹದ ಲವಣ ಬೆರೆತಿದ್ದರೆ ಪೆರಾಕ್ಸೈಡ್ ತಾಗಿದ ಕೂಡಲೇ ಬಿಸಿಯಾಗಿ ಕೂದಲೇ ಕರಟಿಹೋಗಬಹುದು. ‘ಎಣ್ಣೆ ಹಚ್ಚು, ತುದಿ ಕತ್ತರಿಸುತ್ತಾ ಹೋಗು ಅಕ್ಕ’ ಎಂದಷ್ಟೇ ಹೇಳಿದೆ. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿ ಎಷ್ಟೋ ಬಾರಿ ಪಿಪಿಡಿ ಇರುತ್ತದೆ, ಪೊಟ್ಟಣದ ಹಿಂಬದಿಯನ್ನು ಓದಲೇಬೇಕು. ಬಣ್ಣ ಹಚ್ಚಿದಾಗ ತುರಿಕೆ, ಹಣೆ ಊತ, ಕಣ್ಣುರೆಪ್ಪೆ ಬಾವು ಬಂದವರು ಈ ಯಾವ ಪ್ರಯೋಗವನ್ನೂ ಮಾಡದೆ ಚರ್ಮವೈದ್ಯರ ಬಳಿಗೆ ಹೋಗಬೇಕು.

ನನ್ನ ತಲೆಯಲ್ಲಿ ಬುಡದ ಬಿಳಿಯ ಕೆಳಗಿನ ಕಪ್ಪು ಕಂದಾಯಿತು, ಕಂದು ಬರುಬರುತ್ತ ತಾಮ್ರದ ಬಣ್ಣಕ್ಕೆ ಬಂತು. ಬೈತಲೆಯ ಪಕ್ಕದ ಗೆರೆ ಮೊದಲು ಮಸುಕಾಗಿ, ಆಮೇಲೆ ಹುಡುಕಿದರೆ ಮಾತ್ರ ಕಾಣುವಂತಾಯಿತು. ಜಡೆಯ ಕೆಳಭಾಗ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅದನ್ನು ಒಂದೇ ಸಲ ಕತ್ತರಿಸುವ ಬದಲು ಎರಡು ತಿಂಗಳಿಗೊಮ್ಮೆ ಎರಡು-ಮೂರು ಬೆರಳಿನಷ್ಟು ತೆಗೆಸುತ್ತಾ ಬಂದಿದ್ದೇನೆ. ತಾಮ್ರದ ಛಾಯೆ ಕೆಲವರ ಕಣ್ಣಿಗೆ ಹಿಡಿಸುವುದಿಲ್ಲ. ಕಿತ್ತಳೆಯನ್ನು ತಗ್ಗಿಸುವ ನೀಲಿ ಶಾಂಪೂ, ಹಳದಿಯನ್ನು ತಗ್ಗಿಸುವ ನೇರಳೆ ಶಾಂಪೂ ಅಂಗಡಿಗಳಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ನೀಲಿಯದನ್ನು ಬಳಸುತ್ತೇನೆ, ಎರಡು ನಿಮಿಷಕ್ಕಿಂತ ಹೆಚ್ಚು ಬಿಡುವುದಿಲ್ಲ. ಜಡೆಯ ತುದಿಯಲ್ಲಿ ಇನ್ನು ಒಂದು ಗೇಣಿನಷ್ಟು ಕಪ್ಪಿದೆ. ಅದಕ್ಕೆ ಕತ್ತರಿಯೊಂದೇ ಮದ್ದು.