ಫೈಲು ಹಿಡಿದು ಹೊರಟರೆ ಕ್ಲಿನಿಕ್ ಕಾಣುತ್ತದೆ: ರೇಡಿಯೋಥೆರಪಿಯ ಗುಣಮಟ್ಟ ನಾನು ನೋಡುವ ರೀತಿ

ನಾನು ಮೆಡಿಕಲ್ ಫಿಸಿಸಿಸ್ಟ್, ಅಂದರೆ ಚಿಕಿತ್ಸೆಯ ವಿಕಿರಣದ ಲೆಕ್ಕ, ಅಳತೆ ನೋಡುವವನು. ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ ಕೊಡುವ ಖಾಸಗಿ ರೇಡಿಯೋಥೆರಪಿ ಕ್ಲಿನಿಕ್‌ಗಳು ಕರೆದಾಗ ಹೊರಗಿನವನಾಗಿ ಹೋಗಿ, ಅಲ್ಲಿ ರೋಗಿಗಳಿಗೆ ಎಂಥ ಚಿಕಿತ್ಸೆ ಸಿಗುತ್ತಿದೆ ಅಂತ ನೋಡಿ ವರದಿ ಕೊಡುತ್ತೇನೆ. ಹೋದ ಕೂಡಲೇ ಎಲ್ಲರೂ ಮೊದಲು ಮಷೀನ್ ತೋರಿಸುತ್ತಾರೆ. ಹೊಸ ಲಿನಾಕ್ (ವಿಕಿರಣ ಕೊಡುವ ಮಷೀನ್) ತಂದಿರುವ ಖುಷಿ ಅವರಿಗಿರುತ್ತದೆ, ಸಹಜವೇ. ನಾನೂ ನೋಡುತ್ತೇನೆ. ಆದರೆ ಬೇಗ ಅಲ್ಲಿಂದ ಹೊರಟು, ಇತ್ತೀಚೆಗೆ ಚಿಕಿತ್ಸೆ ಮುಗಿಸಿದವರ ಪಟ್ಟಿ ಕೇಳುತ್ತೇನೆ. ಅದರಲ್ಲಿ ಕೆಲವು ಫೈಲುಗಳನ್ನು ನಾನೇ ಆರಿಸುತ್ತೇನೆ. ಅವರು ಆರಿಸಿಟ್ಟ ಫೈಲು ಬೇಡ.

ಯಾಕೆ ಅಂತ ಹೇಳಲು ಪನಾಮಾದ ಘಟನೆ ಸಾಕು. 2000–2001ರಲ್ಲಿ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ 28 ರೋಗಿಗಳಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ವಿಕಿರಣದ ಡೋಸ್ ಹೋಯಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಂಡ ಹೋಗಿ ನೋಡಿದಾಗ ಮಷೀನ್ ಸರಿಯಾಗಿಯೇ ಇತ್ತು, ಅದರ ಅಳತೆಯೂ ಸರಿ ಇತ್ತು. ಆರೋಗ್ಯವಾದ ಭಾಗಕ್ಕೆ ವಿಕಿರಣ ಬೀಳದಂತೆ ತಡೆಯುವ ಕವಚದ ಬ್ಲಾಕ್‌ಗಳ ವಿವರವನ್ನು ಪ್ಲಾನಿಂಗ್ ಕಂಪ್ಯೂಟರ್‌ಗೆ ತುಂಬುವ ರೀತಿಯನ್ನು ಬದಲಾಯಿಸಿದ್ದರು. ವಿಕಿರಣ ಎಷ್ಟು ಹೊತ್ತು ಕೊಡಬೇಕು ಅನ್ನುವುದನ್ನು ಕಂಪ್ಯೂಟರ್ ತಪ್ಪಾಗಿ ಲೆಕ್ಕ ಹಾಕಿ ಕೊಟ್ಟಿತು. ಅದನ್ನು ಯಾರೂ ಕೈಲೆಕ್ಕದಲ್ಲಿ ಒಮ್ಮೆ ತಾಳೆ ನೋಡಲಿಲ್ಲ.

ಹಾಗಾಗಿ ಫೈಲಿನ ಒಂದೊಂದು ಹಂತದಲ್ಲೂ ನನ್ನದು ಒಂದೇ ಪ್ರಶ್ನೆ: ಇದನ್ನು ಇನ್ನೊಬ್ಬರು ಯಾರು ನೋಡಿದರು? ಯಾವಾಗ?

ಮೊದಲು ಡಾಕ್ಟರ್ ಸಿಟಿ ಸ್ಕ್ಯಾನ್ ಚಿತ್ರದ ಮೇಲೆ ಗೆಡ್ಡೆಯ ಗಡಿ ಗುರುತಿಸುತ್ತಾರೆ. ಮುಂದಿನದೆಲ್ಲ ಈ ಗೆರೆಯ ಮೇಲೆ ನಿಂತಿದೆ. ಗೆರೆ ತಪ್ಪಿದರೆ, ಎಷ್ಟೇ ಒಳ್ಳೆ ಮಷೀನ್ ಇದ್ದರೂ ತಪ್ಪು ಜಾಗಕ್ಕೇ ನಿಖರವಾಗಿ ಹೊಡೆಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಸೇರಿ ಒಬ್ಬರ ಕೇಸು ಇನ್ನೊಬ್ಬರು ನೋಡುತ್ತಾರೆ. ಚಿಕ್ಕ ಖಾಸಗಿ ಕ್ಲಿನಿಕ್‌ನಲ್ಲಿ ಇರುವುದೇ ಒಬ್ಬ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್). ಅಂಥಲ್ಲಿ ಬೇರೆ ಊರಿನ ಡಾಕ್ಟರ್ ಜೊತೆ ವಿಡಿಯೋದಲ್ಲಿ ಕೂತು ಪ್ಲಾನ್ ನೋಡುವ ಏರ್ಪಾಡು ಮಾಡಿಕೊಂಡವರನ್ನು ಕಂಡರೆ ನನಗೆ ತುಂಬ ಗೌರವ. ದಿನಾಂಕವನ್ನೂ ನೋಡುತ್ತೇನೆ. ಮೊದಲ ಸಿಟಿಂಗ್‌ಗೆ, ಅಂದರೆ ಮೊದಲ ಸಲದ ಚಿಕಿತ್ಸೆಗೆ ಮುಂಚೆ ಚರ್ಚೆ ಆಗಿರಬೇಕು. ಅರ್ಧ ಚಿಕಿತ್ಸೆ ಮುಗಿದ ಮೇಲೆ ಆದರೆ ಯಾರಿಗೂ ಗೆರೆ ಬದಲಾಯಿಸುವ ಮನಸ್ಸು ಇರುವುದಿಲ್ಲ, ಸುಮ್ನೆ ಸಹಿ ಬೀಳುತ್ತದೆ.

ಆಮೇಲೆ ಪ್ಲಾನ್, ಅಂದರೆ ಎಲ್ಲಿಗೆ ಎಷ್ಟು ವಿಕಿರಣ ಅನ್ನುವ ಲೆಕ್ಕ. ಐಎಂಆರ್‌ಟಿ (ಗೆಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ಬಲ ಬದಲಿಸುವ ವಿಧಾನ) ಪ್ಲಾನ್‌ಗಳನ್ನು ರೋಗಿಗೆ ಕೊಡುವ ಮುಂಚೆ ಮಷೀನ್‌ನಲ್ಲಿ ಅಳೆದು, ಲೆಕ್ಕಕ್ಕೂ ಅಳತೆಗೂ ಹೋಲಿಸುತ್ತಾರೆ. ಸಾಮಾನ್ಯವಾಗಿ ಡೋಸ್‌ನಲ್ಲಿ ಶೇ. 3 ಮತ್ತು ಜಾಗದಲ್ಲಿ 2 ಮಿ.ಮೀ. ಮಿತಿಯೊಳಗೆ ಶೇ. 95ರಷ್ಟು ಬಿಂದುಗಳು ಬಂದರೆ ಪಾಸ್. ಪಾಸಾದ ಹಾಳೆಗಳನ್ನು ನನ್ನ ಮುಂದೆ ರಾಶಿ ಹಾಕುತ್ತಾರೆ. ನಾನು ಫೇಲ್ ಆದದ್ದನ್ನು ಕೊಡಿ ಅನ್ನುತ್ತೇನೆ. 'ನಮ್ಮಲ್ಲಿ ಒಂದೂ ಫೇಲ್ ಆಗಿಲ್ಲ' ಅಂದರೆ ನನಗೆ ಚಿಂತೆ ಶುರು. ಪಾಸ್ ಆಗುವ ತನಕ ಅಳೆದು ಹಳೆಯದನ್ನು ಅಳಿಸಿರಬಹುದು, ಅಥವಾ ತಪ್ಪು ಹಿಡಿಯುವಷ್ಟು ಸೂಕ್ಷ್ಮವಾಗಿ ಅಳೆಯುತ್ತಲೇ ಇಲ್ಲದಿರಬಹುದು. ಮಷೀನ್ ಎಷ್ಟು ವಿಕಿರಣ ಕೊಡುತ್ತಿದೆ ಅಂತ ದಿನಾ ಬೆಳಗ್ಗೆ ಅಳೆದು ಬರೆಯುವ ಔಟ್‌ಪುಟ್ ರಿಜಿಸ್ಟರ್ ಕೂಡ ಹೀಗೆಯೇ ಓದುತ್ತೇನೆ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂ 2009ರಲ್ಲಿ ಪ್ರಕಟಿಸಿದ ಟಿಜಿ-142 ವರದಿ ಪ್ರಕಾರ ದಿನದ ಅಳತೆ ಶೇ. 3ರೊಳಗೆ, ತಿಂಗಳ ಅಳತೆ ಶೇ. 2ರೊಳಗೆ ಇರಬೇಕು. ಮಿತಿ ದಾಟಿದ ದಿನ ಯಾರು ಯಾರಿಗೆ ಫೋನ್ ಮಾಡಿದರು, ರೋಗಿಗಳನ್ನು ನಿಲ್ಲಿಸಿದರಾ ಅನ್ನುವುದು ಅಲ್ಲಿ ಬರೆದಿರಬೇಕು.

ಹೊರಗಿನವರು ಡೋಸ್ ಅಳೆದಿದ್ದಾರಾ ಅಂತಲೂ ಕೇಳುತ್ತೇನೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 1969ರಿಂದ ಅಂಚೆಯಲ್ಲಿ ಡೋಸ್ ಅಳೆಯುವ ಚಿಕ್ಕ ಡೋಸಿಮೀಟರ್ ಕಳಿಸಿ ಇದನ್ನು ಮಾಡುತ್ತಿವೆ. ಕ್ಲಿನಿಕ್ ಹೇಳಿದ ಡೋಸ್‌ಗೂ ಅಳೆದದ್ದಕ್ಕೂ ವ್ಯತ್ಯಾಸ ಶೇ. 5ರೊಳಗೆ ಇದ್ದರೆ ಸರಿ. ಇದು ಇಲ್ಲದಿದ್ದರೆ ಬೇರೇನೂ ಮುಂದುವರಿಸುವ ಮುಂಚೆ ಇದನ್ನು ಮಾಡಿಸಿ ಅಂತ ಬರೆಯುತ್ತೇನೆ.

ಕಾಗದ ಮುಗಿದ ಮೇಲೆ ಟ್ರೀಟ್‌ಮೆಂಟ್ ರೂಮಿನ ಬಾಗಿಲ ಹತ್ತಿರ ಸುಮ್ಮನೆ ಕೂರುತ್ತೇನೆ. ನನಗೆ ಜಾಸ್ತಿ ತಿಳಿಯುವುದು ಅಲ್ಲಿಯೇ. ರೋಗಿ ಬಂದಾಗ ಟೆಕ್ನಾಲಜಿಸ್ಟ್ ಹೇಗೆ ಕೇಳುತ್ತಾರೆ? 'ನಿಮ್ಮ ಹೆಸರು, ಹುಟ್ಟಿದ ದಿನಾಂಕ ಹೇಳಿ' ಅಂದರೆ ರೋಗಿಯೇ ಹೇಳಬೇಕಾಗುತ್ತದೆ. 'ನೀವು ಇಂಥವರು ಅಲ್ವಾ?' ಅಂದರೆ ಸುಸ್ತಾದ, ಕಿವಿ ಮಂದವಾದ ಮನುಷ್ಯ ಯಾವ ಹೆಸರಿಗೂ ತಲೆ ಆಡಿಸುತ್ತಾನೆ.

ತಲೆ–ಕುತ್ತಿಗೆ ಕ್ಯಾನ್ಸರ್‌ನವರಿಗೆ ತಲೆ ಅಲುಗದಂತೆ ಹಾಕುವ ಪ್ಲಾಸ್ಟಿಕ್ ಮಾಸ್ಕ್ ನೋಡಲೇಬೇಕು. ಬಾಯಿ ಹುಣ್ಣಾಗಿ ಊಟ ಸೇರದೆ ಅವರು ವಾರಗಳಲ್ಲಿ ಸೊರಗುತ್ತಾರೆ. ಮೊದಲ ದಿನ ಬಿಗಿಯಾಗಿದ್ದ ಮಾಸ್ಕ್ ಆಮೇಲೆ ಸಡಿಲ. ಒಂದು ಕ್ಲಿನಿಕ್‌ನಲ್ಲಿ ನಾಲ್ಕನೇ ವಾರದಲ್ಲಿದ್ದ ರೋಗಿಯೊಬ್ಬರ ಕೆನ್ನೆಗೂ ಮಾಸ್ಕ್‌ಗೂ ನಡುವೆ ನನ್ನ ಬೆರಳು ಆರಾಮಾಗಿ ಹೋಯಿತು. ಒಳಗೆ ಗದ್ದ ಅಲುಗಾಡುತ್ತಿತ್ತು. ಚಿಕಿತ್ಸೆಗೆ ಮುಂಚೆ ತೆಗೆದ ಅಂದಿನ ಚಿತ್ರದಲ್ಲಿ ದವಡೆಯ ಮೂಳೆ ಸರಿಯಾಗಿ ಕೂತಿತ್ತು, ಅದರಿಂದ ಟೆಕ್ನಾಲಜಿಸ್ಟ್ ಪಾಸ್ ಮಾಡಿದ್ದರು. ಆದರೆ ಅದೇ ಚಿತ್ರದಲ್ಲಿ ಚರ್ಮದ ಗೆರೆ ಪ್ಲಾನ್‌ನ ಗೆರೆಗಿಂತ ಒಳಗೆ ಸರಿದಿತ್ತು. ತೂಕ ಇಳಿದದ್ದು ನರ್ಸ್ ಪುಸ್ತಕದಲ್ಲಿ ವಾರ ವಾರ ಬರೆದಿತ್ತು. ಆ ಪುಸ್ತಕ ಫಿಸಿಸಿಸ್ಟ್ ಕೈಗೆ ಬರುತ್ತಲೇ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು. ಅಂದೇ ಹೊಸ ಸಿಟಿ, ಹೊಸ ಮಾಸ್ಕ್ ಮಾಡಿಸಿದೆವು.

ಮಧ್ಯೆ ತಪ್ಪಿದ ದಿನಗಳನ್ನೂ ಎಣಿಸುತ್ತೇನೆ. ಮಷೀನ್ ಕೆಟ್ಟಿತು, ರಜೆ ಬಂತು, ರೋಗಿಗೆ ಜ್ವರ. ತಲೆ–ಕುತ್ತಿಗೆ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ವಿಕಿರಣ ಮೂಲವನ್ನು ದೇಹದ ಒಳಗೇ ಇಟ್ಟು ಕೊಡುವ ಬ್ರಾಕಿಥೆರಪಿಯೂ ಸೇರಿ 8 ವಾರದೊಳಗೆ ಮುಗಿಯಬೇಕು. ತಪ್ಪಿದ ದಿನ ತುಂಬಲು ಶನಿವಾರ ಕೊಡಬಹುದು, ಅಥವಾ ಕನಿಷ್ಠ 6 ಗಂಟೆ ಅಂತರವಿಟ್ಟು ಒಂದೇ ದಿನ ಎರಡು ಸಲ ಕೊಡಬಹುದು. ಸುಮ್ನೆ ಕೊನೆಗೆ ಒಂದು ದಿನ ಸೇರಿಸಿ ಬಿಟ್ಟಿದ್ದರೆ ಯಾರು ಹಾಗೆ ತೀರ್ಮಾನಿಸಿದರು ಅಂತ ಕೇಳುತ್ತೇನೆ. ಎಷ್ಟೋ ಸಲ ಯಾರೂ ತೀರ್ಮಾನಿಸಿರುವುದಿಲ್ಲ.

ಖಾಸಗಿ ಕ್ಲಿನಿಕ್ ಆದ್ದರಿಂದ ಇನ್ನೊಂದು ಕಷ್ಟದ ವಿಷಯ. ಪ್ರತಿ ಸಿಟಿಂಗ್‌ಗೆ ಹಣ ಬರುವಲ್ಲಿ ಸಿಟಿಂಗ್ ಕಡಿಮೆ ಮಾಡುವುದು ಸುಲಭವಲ್ಲ. ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ, ಬೇರೆ ತೊಡಕು ಇಲ್ಲದಿದ್ದರೆ, 8 ಗ್ರೇ (ಗ್ರೇ ಅಂದರೆ ವಿಕಿರಣ ಡೋಸ್‌ನ ಅಳತೆ) ಒಂದೇ ಸಲ ಕೊಟ್ಟರೂ, 30 ಗ್ರೇಯನ್ನು 10 ಸಲದಲ್ಲಿ ಕೊಟ್ಟರೂ ನೋವು ಕಡಿಮೆಯಾಗುವುದು ಹೆಚ್ಚುಕಡಿಮೆ ಒಂದೇ. ಒಂದೇ ಸಲ ಕೊಟ್ಟವರಿಗೆ ಮುಂದೆ ಮತ್ತೆ ಕೊಡಬೇಕಾಗಿ ಬರುವುದು ಜಾಸ್ತಿ, ಅಷ್ಟೇ. ಸ್ತನ ಕ್ಯಾನ್ಸರ್‌ಗೆ 40 ಗ್ರೇ 15 ಸಲದಲ್ಲಿ ಕೊಡುವುದು ಬ್ರಿಟನ್ನಿನ ಸ್ಟಾರ್ಟ್ ಅಧ್ಯಯನಗಳಿಂದ ಗಟ್ಟಿಯಾಗಿದೆ. ಆಯ್ದ ರೋಗಿಗಳಿಗೆ 26 ಗ್ರೇ 5 ಸಲ ಸಾಕು ಅಂತ 2020ರಲ್ಲಿ ಫಾಸ್ಟ್-ಫಾರ್ವರ್ಡ್ ಅನ್ನುವ ಅಧ್ಯಯನ ತೋರಿಸಿತು. ಹಾಗಿರುವಾಗ ನಡೆಯಲಾಗದ ರೋಗಿಗಳೆಲ್ಲ ನೋವಿಗಾಗಿ ಹತ್ತು ದಿನ ಓಡಾಡಿದ್ದಾರೆ ಅಂದರೆ ನಾನು ಅದನ್ನು ವರದಿಯಲ್ಲಿ ನೇರವಾಗಿ ಬರೆಯುತ್ತೇನೆ. ಮಾಲೀಕರಿಗೆ ಬೇಸರವಾಗುತ್ತದೆ. ಆದರೂ ಬರೆಯುತ್ತೇನೆ. ಮಷೀನ್ ಅಳತೆಯಲ್ಲಿನ ಶೇ. 2ರ ವ್ಯತ್ಯಾಸಕ್ಕಿಂತ ಆ ರೋಗಿಗೆ ಇದು ದೊಡ್ಡದು.

ಕೊನೆಗೆ ತಪ್ಪುಗಳ ಪುಸ್ತಕ. ಆಗಿಬಿಡುತ್ತಿತ್ತು, ಅಷ್ಟರಲ್ಲಿ ಹಿಡಿದೆವು ಅನ್ನುವಂಥವೂ ಅದರಲ್ಲಿ ಇರಬೇಕು. ಎಲ್ಲಕ್ಕಿಂತ ಕಿರಿಯ ಟೆಕ್ನಾಲಜಿಸ್ಟ್ ಜೊತೆ ಬೇರೆಯಾಗಿ ಮಾತಾಡಿ, ಅನುಮಾನ ಬಂದಾಗ ಮಷೀನ್ ನಿಲ್ಲಿಸಿದ್ದೀರಾ, ಆಮೇಲೆ ಏನಾಯಿತು ಅಂತ ಕೇಳುತ್ತೇನೆ. ಬೈಸಿಕೊಂಡೆ ಅಂದರೆ ಆ ಪುಸ್ತಕ ಯಾಕೆ ಖಾಲಿ ಇದೆ ಅನ್ನುವುದು ಗೊತ್ತಾಗುತ್ತದೆ.

ವರದಿ ಚಿಕ್ಕದಾಗಿ ಬರೆಯುತ್ತೇನೆ. ನಾಳೆಯೇ ಸರಿ ಮಾಡಬೇಕಾದ್ದು ಮೊದಲ ಪುಟದಲ್ಲಿ, ಒಂದೊಂದರ ಪಕ್ಕದಲ್ಲೂ ಯಾರ ಜವಾಬ್ದಾರಿ ಅಂತ. ಮಾಸ್ಕ್ ಸಡಿಲವಾಗಿದ್ದ ಆ ಕ್ಲಿನಿಕ್ ಈಗ ವಾರಕ್ಕೊಮ್ಮೆ ನರ್ಸ್, ಟೆಕ್ನಾಲಜಿಸ್ಟ್, ಫಿಸಿಸಿಸ್ಟ್ ಮೂವರೂ ಸೇರಿ ಪ್ರತಿ ತಲೆ–ಕುತ್ತಿಗೆ ರೋಗಿಯ ತೂಕ ಮತ್ತು ಚಿತ್ರ ಒಟ್ಟಿಗೆ ನೋಡುತ್ತದೆ. ಅದಕ್ಕೆ ಹೊಸ ಉಪಕರಣ ಏನೂ ಬೇಕಾಗಲಿಲ್ಲ.