ಒಂದು ರಾತ್ರಿಯ ಸರ್ಕಾರದಲ್ಲಿ ಯಾರ್ಯಾರಿದ್ದರು? ಪಟ್ಟಿ ಮಾಡೋದು ಹೀಗೆ

ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಭಾನುವಾರ ಸಂಜೆ ಕ್ವಿಜ್ ಮಾಡುತ್ತೇನೆ. ಒಮ್ಮೆ ಕೇಳಿದೆ: 2000ರ ಜನವರಿಯಲ್ಲಿ ಎಕ್ವಡಾರ್‌ನ ಅಧ್ಯಕ್ಷ ಜಮೀಲ್ ಮವಾದ್ ಅವರನ್ನು ಇಳಿಸಿ ಅಧಿಕಾರ ಹಿಡಿದ ಮೂವರು ಯಾರು? ಎರಡು ತಂಡ, ಎರಡು ಉತ್ತರ. ನನ್ನ ಚೀಟಿಗೆ ಹೊಂದದ ತಂಡಕ್ಕೆ ಸೊನ್ನೆ ಕೊಟ್ಟೆ. ಮನೆಗೆ ಬಂದು ನೋಡಿದರೆ ಎರಡೂ ಸರಿ! ಮುಂದಿನ ವಾರ ಲೈನ್ ಬಜಾರಿನ ಪೇಡೆ ಕೊಡಿಸಿ ಸಮಾಧಾನ ಮಾಡಬೇಕಾಯಿತು.

ಹಾಗಾಗಿ ಮೊದಲು ಹೆಸರು ಬರೆಯಬೇಡಿ, ಹೊತ್ತು ಬರೆಯಿರಿ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ತಾರೀಕು ಮತ್ತು ಗಂಟೆ, ಬಲಕ್ಕೆ ಆ ಹೊತ್ತಿನಲ್ಲಿ ಕುರ್ಚಿಯಲ್ಲಿದ್ದವರು. ಎಕ್ವಡಾರ್‌ನದ್ದೇ ನೋಡಿ. ಹಿಂದಿನ ವರ್ಷ ಬ್ಯಾಂಕಿನಲ್ಲಿಟ್ಟ ದುಡ್ಡು ತೆಗೆಯದಂತೆ ಸರ್ಕಾರ ತಡೆದಿತ್ತು, ಜನ ಕುದಿಯುತ್ತಿದ್ದರು, ಅದರ ಮೇಲೆ ಜನವರಿ 9ರಂದು ಮವಾದ್, ನಮ್ಮ ಸುಕ್ರೆ ಬಿಟ್ಟು ಡಾಲರ್‌ಗೆ ಹೋಗೋಣ, ಒಂದು ಡಾಲರ್‌ಗೆ 25,000 ಸುಕ್ರೆ ಅಂದುಬಿಟ್ಟರು. 21ರಂದು ಮೂಲನಿವಾಸಿ ಸಂಘಟನೆಗಳವರೂ ಕೆಲವು ಸೇನಾಧಿಕಾರಿಗಳೂ ಸೇರಿ ರಾಜಧಾನಿ ಕೀಟೊದ ಸಂಸತ್ ಭವನಕ್ಕೆ ನುಗ್ಗಿದರು. ಅಲ್ಲಿ ಘೋಷಣೆಯಾದ ಮೂವರು: ಕರ್ನಲ್ ಲೂಸಿಯೊ ಗುಟೆರೆಸ್, ಮೂಲನಿವಾಸಿ ನಾಯಕ ಆಂಟೋನಿಯೊ ವರ್ಗಾಸ್, ಸುಪ್ರೀಂ ಕೋರ್ಟಿನ ಮಾಜಿ ಮುಖ್ಯಸ್ಥ ಕಾರ್ಲೋಸ್ ಸೊಲೋರ್ಸಾನೊ. ರಾತ್ರಿಯಾಗುವಷ್ಟರಲ್ಲಿ ಕರ್ನಲ್ ಸರಿದು ಆ ಜಾಗಕ್ಕೆ ಜನರಲ್ ಕಾರ್ಲೋಸ್ ಮೆಂಡೋಸಾ ಬಂದರು. ಬೆಳಗಿನ ಜಾವಕ್ಕೆ ಮೆಂಡೋಸಾ ಕೂಡ ಕೈಬಿಟ್ಟರು, ಉಪಾಧ್ಯಕ್ಷ ಗುಸ್ತಾವೊ ನೊಬೋವಾ ಅಧ್ಯಕ್ಷರಾದರು. ಅಲ್ಲಿಗೆ ಮೂವರ ಸರ್ಕಾರ ಮುಗಿಯಿತು. ಕುರ್ಚಿ ಮೂರು, ಹೆಸರು ನಾಲ್ಕು.

ಹಳೇ ಪೇಪರ್ ತೆಗೆಯುವವರು ಗಡಿಯಾರದ ಲೆಕ್ಕ ಮರೆಯಬಾರದು. ಕೀಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮ್ಮಲ್ಲಿ 22ರ ಪೇಪರ್ ಮಧ್ಯರಾತ್ರಿ ಅಚ್ಚಿಗೆ ಹೋಗುವಾಗ ಅಲ್ಲಿ ಇನ್ನೂ 21ರ ಮಧ್ಯಾಹ್ನ. ಜನರಲ್ ಹೆಸರು ಅದರಲ್ಲಿ ಬರಲು ಸಾಧ್ಯವೇ ಇಲ್ಲ, ಅಲ್ವಾ? ಪೇಪರ್ ಸುಳ್ಳು ಹೇಳಿಲ್ಲ, ಅದರ ಹೊತ್ತಿಗೆ ಅದು ಸರಿ.

ಇನ್ನೊಂದು, ಫೋಟೋ ನೋಡಿ ತಲೆ ಎಣಿಸಬೇಡಿ. 1991ರ ಆಗಸ್ಟ್ 19ರಂದು ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟದ ಅಧ್ಯಕ್ಷ ಗೊರ್ಬಚೋವ್ ಅವರನ್ನು ಬದಿಗೊತ್ತಿದ ತುರ್ತು ಸಮಿತಿ ಪತ್ರಿಕಾಗೋಷ್ಠಿ ಮಾಡಿತು. ಉಪಾಧ್ಯಕ್ಷ ಯನಾಯೆವ್ ಅವರ ಕೈ ನಡುಗುತ್ತಿತ್ತು, ಅದನ್ನು ಲೋಕವೇ ಟಿವಿಯಲ್ಲಿ ನೋಡಿತು. ಮೇಜಿನ ಹಿಂದೆ ಕೂತಿದ್ದ ಸದಸ್ಯರು ಐದೇ ಜನ. ಸಮಿತಿಯಲ್ಲಿದ್ದವರು ಎಂಟು. ಪ್ರಧಾನಿ ಪಾವ್ಲೋವ್, ಕೆಜಿಬಿಯ ಕ್ರ್ಯುಚ್ಕೋವ್, ರಕ್ಷಣಾ ಮಂತ್ರಿ ಯಾಜೊವ್, ಅಂದರೆ ಜಾಸ್ತಿ ಭಾರದ ಮೂವರೇ ಅಲ್ಲಿರಲಿಲ್ಲ. ಹಾಗೆಂದು ಆ ಯತ್ನ ಸೋತ ಮೇಲೆ ಜೈಲಿಗೆ ಹೋದವರೆಲ್ಲ ಸದಸ್ಯರು ಅಂತಲೂ ಹಿಡಿಯಬೇಡಿ. ಸಂಸತ್ತಿನ ಅಧ್ಯಕ್ಷ ಲುಕ್ಯಾನೊವ್ ಅವರನ್ನೂ ಬಂಧಿಸಿದರು, ಆದರೆ ಆ ಎಂಟರಲ್ಲಿ ಅವರಿಲ್ಲ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹೆಸರಿದ್ದವರೆಲ್ಲ ಅಕ್ಕಿಕಾಳು ಹಾಕಲು ಬರುತ್ತಾರಾ, ಅಕ್ಕಿಕಾಳು ಹಾಕಿದವರದ್ದೆಲ್ಲ ಪತ್ರಿಕೆಯಲ್ಲಿ ಹೆಸರಿರುತ್ತದಾ? ಅದಕ್ಕೇ ಘೋಷಣೆಯಲ್ಲಿ ಹೆಸರಿದ್ದವರು, ಎದುರಿಗೆ ಬಂದು ಕೂತವರು, ಹಿಂದೆ ನಿಂತು ಬೆಂಬಲಿಸಿದವರು, ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಎಲ್ಲ ಕಡೆ ಇಷ್ಟು ತಲೆನೋವಿಲ್ಲ. 1969ರಲ್ಲಿ ಬ್ರೆಜಿಲ್ ಅಧ್ಯಕ್ಷರಿಗೆ ಲಕ್ವಾ ಹೊಡೆದಾಗ ಭೂಸೇನೆ, ನೌಕಾಸೇನೆ, ವಾಯುಸೇನೆಯ ಮಂತ್ರಿಗಳು ಎರಡು ತಿಂಗಳು ಆಡಳಿತ ನಡೆಸಿದರು. ಹುದ್ದೆ ಗೊತ್ತಿದ್ದರೆ ಹೆಸರು ಸಿಕ್ಕಂತೆ.

ಎರಡು ಪುಸ್ತಕ ಎರಡು ಮಾತು ಹೇಳಿದರೆ, ಸುಮ್ನೆ ಒಂದನ್ನು ಹೊಡೆದು ಹಾಕಬೇಡಿ. ಯಾವುದು ಯಾವ ಗಂಟೆಯ ಮಾತು ಅಂತ ಪಕ್ಕದಲ್ಲಿ ಬರೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಈಗ ನಾನು ಪ್ರಶ್ನೆಯನ್ನೇ ತಿದ್ದಿದ್ದೇನೆ: 21ರಂದು ಸಂಸತ್ ಭವನದಲ್ಲಿ ಘೋಷಣೆಯಾದ ಮೂವರಲ್ಲಿ ರಾತ್ರಿ ಜಾಗ ಬಿಟ್ಟವರು ಯಾರು? ಉತ್ತರ ಗುಟೆರೆಸ್. ಸುಲಭ ಅನ್ನಿಸಿದರೆ ಬೋನಸ್ ಇದೆ: 2002ರಲ್ಲಿ ಚುನಾವಣೆ ಗೆದ್ದು ಅದೇ ದೇಶದ ಅಧ್ಯಕ್ಷರಾದವರು, 2005ರಲ್ಲಿ ತಾವೇ ಇಳಿಯಬೇಕಾಗಿ ಬಂದವರು ಯಾರು? ಅದೂ ಗುಟೆರೆಸ್ಸೇ.